ಬೂದಿ ಬೀಳದ ಚಟ

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಲು ಹೋದವರು ಬಿದರಿ ಹುಕ್ಕಾಗಳ ಎದುರು ಒಂದು ಗಳಿಗೆಯಾದರೂ ನಿಲ್ಲುತ್ತಾರೆ. ಸತು, ತಾಮ್ರ ಬೆರೆಸಿದ ಎರಕ, ಅದರ ಮೈಗೆ ಬೀದರ್ ಕೋಟೆಯ ಮಣ್ಣು ಕೊಟ್ಟ ಕಪ್ಪು, ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ. ಅಂದಿನ ಶ್ರೀಮಂತರ ಮನೆಯಲ್ಲಿ ಇದೇ ಹೊಸ ಉಪಕರಣ. ಇಂದು ಅದೇ ಊರಿನ ಐಟಿ ಹುಡುಗರ ಜೇಬಿನಲ್ಲಿ ಇರಬಹುದಾದದ್ದು ಬೆರಳುದ್ದದ, ಪೆನ್‌ಡ್ರೈವಿನಂಥ ಒಂದು ಕೊಳವೆ. ಅದರ ಹೆಸರು ವೇಪ್, ಅಂದರೆ ಇ-ಸಿಗರೇಟು.

ಬಿಜಾಪುರದಿಂದ ಹೊರಟ ಹೊಗೆ

ಮೊಗಲ್ ದೊರೆ ಅಕ್ಬರನ ದೂತ ಅಸದ್ ಬೇಗ್ 1603-04ರ ಹೊತ್ತಿಗೆ ಆದಿಲ್‌ಶಾಹಿಗಳ ಬಿಜಾಪುರಕ್ಕೆ ಬಂದಿದ್ದ. ಅಲ್ಲಿ ಹೊಗೆಸೊಪ್ಪನ್ನು ಕಂಡು, ರತ್ನ ಕೂರಿಸಿದ ಕೊಳವೆಯ ಸಮೇತ ಅದನ್ನು ದೊರೆಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ಒಂದೆರಡು ದಮ್ ಎಳೆದು ನೋಡಿದ. ಆಸ್ಥಾನದ ಹಕೀಮ ಅಡ್ಡ ಬಂದ. ಇದು ನಮ್ಮ ವೈದ್ಯಗ್ರಂಥಗಳಲ್ಲಿ ಇಲ್ಲದ ವಸ್ತು, ಯಾರೂ ಪರೀಕ್ಷಿಸಿ ನೋಡದ್ದು ಎಂಬುದು ಅವನ ತಕರಾರು. ದೊರೆ ಕೈಬಿಟ್ಟ, ಸರದಾರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧ ಹೇರಿದರೂ ಚಟ ಊರೂರಿಗೆ ಹಬ್ಬಿತ್ತು.

ಆಮೇಲಿನ ಕಥೆಯುದ್ದಕ್ಕೂ ಒಂದೇ ಮಾತು ಮರುಕಳಿಸುತ್ತದೆ: ಹಳೆಯದಕ್ಕಿಂತ ಇದು ಸೌಮ್ಯ. ನೀರಿನಲ್ಲಿ ಹಾಯ್ದ ಹೊಗೆ ಶುದ್ಧವಾಗುತ್ತದೆ ಎಂದು ಹುಕ್ಕಾ ಎಳೆಯುವವರು ನಂಬಿದರು. ನೀರು ಹೊಗೆಯನ್ನು ತಣಿಸುತ್ತದೆ, ತೊಳೆಯುವುದಿಲ್ಲ. ಹುಕ್ಕಾದ ಒಂದು ಬೈಠಕ್ಕಿನಲ್ಲಿ ನೂರು ಸಿಗರೇಟಿಗೆ ಸಮನಾದ ಹೊಗೆ ಒಳಹೋಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. 1930ರಲ್ಲಿ ನೋಂದಣಿಯಾದ ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿಯ ‘ಚಾರ್‌ಮಿನಾರ್’ ಸಿಗರೇಟು ಮನೆಮಾತಾಗಿತ್ತು. ಅದಕ್ಕೆ ಫಿಲ್ಟರ್ ಇರಲಿಲ್ಲ. ಮುಂದೆ ಫಿಲ್ಟರ್ ಸಿಗರೇಟು ಅದೇ ಸೌಮ್ಯದ ಮಾತಾಡಿತು. ಈಗ ವೇಪ್‌ನ ಸರದಿ.

ಬಿಚ್ಚಿ ನೋಡಿದರೆ

ಕೊಳವೆಯ ಒಳಗೆ ಇರುವುದು ನಾಲ್ಕೇ ಭಾಗ: ಲಿಥಿಯಂ ಬ್ಯಾಟರಿ, ಉಸಿರೆಳೆತವನ್ನು ಗುರುತಿಸುವ ಸೆನ್ಸರ್, ಕಡ್ಡಿಯಷ್ಟು ಸಣ್ಣ ತಂತಿ ಸುರುಳಿ, ದ್ರವದಲ್ಲಿ ನೆನೆದ ಹತ್ತಿ. ಬಾಯಿಟ್ಟು ಎಳೆದೊಡನೆ ಸುರುಳಿ ಕಾಯುತ್ತದೆ, ಹತ್ತಿಯ ದ್ರವ ಮಂಜಾಗಿ ಏಳುತ್ತದೆ. ಇದನ್ನು ‘ಬರೀ ನೀರಾವಿ’ ಎನ್ನುವವರಿದ್ದಾರೆ. ನೀರಾವಿ ಅಲ್ಲ, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ರಾಸಾಯನಿಕಗಳು ಸೇರಿದ ಸೂಕ್ಷ್ಮ ಹನಿಗಳು. ಸುರುಳಿ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ತಂತಿಯಿಂದ ನಿಕ್ಕಲ್, ಕ್ರೋಮಿಯಂ ಕಣಗಳೂ ಮಂಜಿಗೆ ಸೇರುತ್ತವೆ. ಇವತ್ತಿನ ಮಾದರಿಯನ್ನು ರೂಪಿಸಿದ್ದು ಚೀನಾದ ಔಷಧತಜ್ಞ ಹೊನ್ ಲಿಕ್, 2003ರಲ್ಲಿ.

ಇಲ್ಲಿ ಏನೂ ಉರಿಯುವುದಿಲ್ಲ. ಹಾಗಾಗಿ ಸಿಗರೇಟಿನ ಟಾರ್, ಕಾರ್ಬನ್ ಮಾನಾಕ್ಸೈಡ್ ಇದರಲ್ಲಿಲ್ಲ ಎಂಬುದು ನಿಜ. ಅದೇ ಕಾರಣಕ್ಕೆ, ಸಿಗರೇಟು ಬಿಡಲು ಹೊರಟ ವಯಸ್ಕರಿಗೆ ಬ್ರಿಟನ್ ಇದನ್ನು ಒಂದು ದಾರಿಯಾಗಿ ಸೂಚಿಸುತ್ತದೆ. ಆದರೆ ಸಿಗರೇಟನ್ನೇ ಮುಟ್ಟದ ಹದಿನೆಂಟರ ಹುಡುಗನಿಗೆ ಈ ಹೋಲಿಕೆಯಿಂದ ಲಾಭವಿಲ್ಲ. ಅವನ ಪಾಲಿಗೆ ಅದು ಬರೀ ನಷ್ಟದ ಬಾಬತ್ತು.

ಮೊದಲ ವಾರ, ಎರಡನೇ ತಿಂಗಳು

ಮೊದಲ ವಾರ ಎಲ್ಲವೂ ಹಗುರ. ಬೆಂಕಿಪೊಟ್ಟಣ ಬೇಡ, ಬೂದಿ ಇಲ್ಲ, ಬೆರಳಿಗೆ ವಾಸನೆ ಹತ್ತುವುದಿಲ್ಲ. ಮಾವಿನ ರುಚಿ, ಪುದೀನದ ತಂಪು. ರಾತ್ರಿ ಫೋನಿನ ಪಕ್ಕದಲ್ಲೇ ಅದೂ ಚಾರ್ಜಿಗೆ ಮಲಗುತ್ತದೆ. ಆಮೇಲೆ ಬಾಯಿ ಒಣಗತೊಡಗುತ್ತದೆ, ಗ್ಲೈಕಾಲಿಗೆ ತೇವ ಹೀರುವ ಗುಣವಿದೆ. ದ್ರವ ತೀರುತ್ತ ಬಂದಾಗ ಸುಟ್ಟ ಹತ್ತಿಯ ಘಾಟು ಗಂಟಲಿಗೆ ಹೊಡೆಯುತ್ತದೆ. ಕೊಳವೆ ಸೋರಿ ತುಟಿಗೆ ಕಹಿ ತಾಗುತ್ತದೆ. ಆ ಕಹಿ ನಿಕೋಟಿನ್, ಚರ್ಮದಿಂದಲೂ ಅದು ಒಳಗಿಳಿಯಬಲ್ಲದು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಸಿಗರೇಟಿಗೊಂದು ಕೊನೆಯಿದೆ. ಇರಾನಿ ಚಾಯ್ ಅಂಗಡಿಯ ಮುಂದೆ ನಿಂತು ಹಚ್ಚಿದರೆ ಐದಾರು ನಿಮಿಷಕ್ಕೆ ಬೆರಳು ಸುಡುತ್ತದೆ, ಎಸೆದು ಒಳಗೆ ಹೋಗಬೇಕು. ದಿನಕ್ಕೆ ಎಷ್ಟು ಎಂದು ಕೇಳಿದರೆ ಸೇದುವವನ ಬಳಿ ಲೆಕ್ಕವಿರುತ್ತದೆ. ವೇಪ್‌ಗೆ ಕೊನೆಯಿಲ್ಲ. ಹಾಸಿಗೆಯಲ್ಲಿ ಒಂದು ಎಳೆತ, ಬಚ್ಚಲಲ್ಲಿ ಎರಡು, ಮೀಟಿಂಗಿನ ನಡುವೆ ಒಂದು. ಲೆಕ್ಕ ಹಾಕಿ ನೋಡಿ: ಮಿಲಿಲೀಟರಿಗೆ 50 ಮಿಲಿಗ್ರಾಂ ನಿಕೋಟಿನ್ ಇರುವ 2 ಮಿಲಿಲೀಟರ್ ದ್ರವದಲ್ಲಿ ಒಟ್ಟು 100 ಮಿಲಿಗ್ರಾಂ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಸುಮಾರು 1ರಿಂದ 1.5 ಮಿಲಿಗ್ರಾಂ. ಕೊಳವೆಯದೆಲ್ಲ ರಕ್ತಕ್ಕೆ ಇಳಿಯದಿದ್ದರೂ ಒಂದೆರಡು ಪ್ಯಾಕಿನ ಬಾಬತ್ತು ಅಂಗೈಯಲ್ಲಿದೆ. ಮಿದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುವುದರಿಂದ ಎಳೆಯರಿಗೆ ಈ ಚಟ ಬೇಗ ಅಂಟುತ್ತದೆ.

ಕಾನೂನು ಎಲ್ಲಿದೆ

ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆ, ಅದರ ಹಿಂದೆಯೇ ಬಂದ ಕಾಯ್ದೆ ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತನ್ನು ನಿಲ್ಲಿಸಿದವು. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಫೆಬ್ರುವರಿಯಲ್ಲಿ ಕರ್ನಾಟಕ, ತೆಲಂಗಾಣ ಎರಡೂ ಹುಕ್ಕಾ ಅಡ್ಡೆಗಳ ಮೇಲೂ ನಿಷೇಧ ತಂದವು.

ನಿಷೇಧಕ್ಕೆ ಇನ್ನೊಂದು ಮುಖವಿದೆ. ಕದ್ದು ಬರುವ ಮಾಲಿನ ದ್ರವದಲ್ಲಿ ಏನಿದೆ ಎಂದು ಪರೀಕ್ಷಿಸುವವರಿಲ್ಲ, ಪೊಟ್ಟಣದ ಮೇಲಿನ ಬರಹಕ್ಕೆ ಜವಾಬ್ದಾರರಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆಯುವವರಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಕಾಯಿಲೆಗೆ 2020ರ ಫೆಬ್ರುವರಿ ವೇಳೆಗೆ 68 ಮಂದಿ ಬಲಿಯಾಗಿದ್ದರು. ಗಾಂಜಾ ಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದರ ಮುಖ್ಯ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಕಳ್ಳಮಾಲು ಮಾರಿದವನನ್ನು ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ನಾಲ್ಕು ನೂರು ವರ್ಷದ ಹಿಂದಿನ ಹಕೀಮನ ತಕರಾರು ಇಂದಿಗೂ ಹಾಗೇ ನಿಂತಿದೆ: ಮೂವತ್ತು, ನಲವತ್ತು ವರ್ಷ ವೇಪ್ ಎಳೆದ ಶ್ವಾಸಕೋಶದ ಕಥೆ ಇನ್ನೂ ಯಾವ ಗ್ರಂಥದಲ್ಲೂ ಬರೆದಾಗಿಲ್ಲ. ಅದನ್ನು ನಿಮ್ಮ ಎದೆಯ ಮೇಲೆ ಬರೆಸಿಕೊಳ್ಳಬೇಕಿಲ್ಲ. ನಿಕೋಟಿನ್ ಬಿಡಬೇಕೆನ್ನುವವರು 1800-11-2356ಕ್ಕೆ ಕರೆ ಮಾಡಿ. ಇದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ; ಕರೆ ಉಚಿತ.