ಮನೆಗೆ ಬರುವ ತಂತಿ: ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು

ಹೋದ ಆಷಾಢದ ಗಾಳಿಗೆ ನಮ್ಮ ಮನೆಯ ಮೇಲಿನ ಧರೆಯ ಸಿಲ್ವರ್ ಓಕ್ ಮರದ ಕೊಂಬೆಯೊಂದು ಮುರಿದು ಬಿತ್ತು. ಬಿದ್ದದ್ದು ಮನೆಯ ಮೇಲಲ್ಲ, ಐವತ್ತು ಅಡಿ ಆಚೆ. ಆದರೂ ಹಾನಿಯಾದದ್ದು ಮನೆಗೇ. ಕೊಂಬೆಯ ಅಡಿಗೆ ಸಿಕ್ಕಿದ್ದು ಇಂಟರ್ನೆಟ್ಟಿನ ಫೈಬರ್ ತಂತಿ. ಅದನ್ನು ಹಾಕಲು ಬಂದ ಹುಡುಗ ಸೂರಿನ ರೀಪಿಗೆ ಬಿಗಿದು ಹೋಗಿದ್ದ, ನಾನೂ ನೋಡುತ್ತಾ ನಿಂತಿದ್ದೆ. ತಂತಿ ತುಂಡಾಗಲಿಲ್ಲ, ರೀಪು ಕಿತ್ತು ಬಂತು. ಮೂಲೆಯ ಹನ್ನೆರಡು ಹೆಂಚು ಅಂಗಳಕ್ಕೆ. ರಾತ್ರಿಯಿಡೀ ಮಳೆ ಅಟ್ಟದ ಮೇಲಿದ್ದ ಚಾಲಿ ಚೀಲಗಳ ಮೇಲೆ ಸುರಿಯಿತು.

ಬೆಳಿಗ್ಗೆ ಏಣಿ ಇಟ್ಟು ಹತ್ತಿದಾಗ ಕಂಡದ್ದು ಇನ್ನೊಂದು. ಅದೇ ಮೂಲೆಗೆ ಕರೆಂಟಿನ ಸರ್ವೀಸ್ ತಂತಿಯೂ ಬಂದು ಸೇರುತ್ತದೆ. ಗಾಳಿಗೆ ಎರಡೂ ಒಂದಕ್ಕೊಂದು ಉಜ್ಜಿ, ಕರೆಂಟ್ ತಂತಿಯ ಕಪ್ಪು ಹೊದಿಕೆ ಸವೆದು ಒಳಗಿನ ಅಲ್ಯೂಮಿನಿಯಂ ಹೊಳೆಯುತ್ತಿತ್ತು. ಚೀಲ ಒದ್ದೆಯಾದ ದುಃಖ ಅಲ್ಲಿಗೆ ಮರೆಯಿತು. ಏಣಿಯಿಂದ ನಿಧಾನವಾಗಿ ಕೆಳಗಿಳಿದೆ. ಈ ಲೇಖನ ಬರೆಯುವ ಮನಸ್ಸಾದದ್ದು ಆಗಲೇ.

ಹಿಂದೆ ನಮ್ಮ ಮನೆಗಳಿಗೆ ಬರುತ್ತಿದ್ದುದು ಕರೆಂಟಿನ ತಂತಿ, ಅದೃಷ್ಟವಿದ್ದರೆ ಒಂದು ಟೆಲಿಫೋನ್ ತಂತಿ. ಆಮೇಲೆ ಟಿ.ವಿ. ಕೇಬಲ್ ಬಂತು. 2020ರಲ್ಲಿ ಮಕ್ಕಳೆಲ್ಲ ಪಾಠ, ನೌಕರಿಗಳನ್ನು ಹೊತ್ತು ಮನೆಗೆ ಬಂದ ಮೇಲೆ ತೋಟ, ಹಳ್ಳ ದಾಟಿ ಫೈಬರ್ ಎಳೆಸಿಕೊಂಡವರು ಅನೇಕರು. ಅವಸರದಲ್ಲಿ ಎಳೆದದ್ದು, ಸಿಕ್ಕ ಅಡಿಕೆ ಮರ, ಸಿಕ್ಕ ಪಕ್ಕಾಸು, ಸಿಕ್ಕ ಪೈಪಿಗೆ ಕಟ್ಟಿದ್ದು. ಅದು ಹಾಗೆಯೇ ಉಳಿದಿದೆ.

ಫೋನಿನ ತಂತಿ ಎಂದರೆ ನಮಗೆ ಭಯವಿಲ್ಲ. ಅದರಲ್ಲಿ ಹರಿಯುವುದು 48 ವೋಲ್ಟಿನಷ್ಟು, ಗಂಟೆ ಬಾರಿಸುವಾಗ ಮುಟ್ಟಿದರೆ ಜುಮ್ಮೆನ್ನುತ್ತದೆ, ಅಷ್ಟೆ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟೇ ಇಲ್ಲ. ಎರಡೂ ನಿಜ. ಆದರೆ ಮರದಿಂದ ಮರಕ್ಕೆ ಎಳೆಯುವ ಫೈಬರ್ ಕೇಬಲಿನಲ್ಲಿ ಭಾರ ಹೊರಲೆಂದು ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ದಾರಿಯಲ್ಲಿ ಎಲ್ಲಾದರೂ ಕರೆಂಟಿನ ತಂತಿ ಅದರ ಮೇಲೆ ಬಿದ್ದರೆ ಅದೂ ಕರೆಂಟಿನ ತಂತಿಯೇ ಆಗಿಬಿಡುತ್ತದೆ. 230 ವೋಲ್ಟೋ, ಹನ್ನೊಂದು ಸಾವಿರ ವೋಲ್ಟೋ, ಮೇಲೆ ಬಿದ್ದದ್ದು ಯಾವುದೋ ಅದು.

ಮೊದಲು ಬಿಗಿತದ ವಿಷಯ. ತಂತಿ ಜೋಲು ಬಿದ್ದರೆ ಅಂದಗೆಟ್ಟಂತೆ ಎಂದು ನಾವೇ ಹುಡುಗರಿಗೆ ‘ಇನ್ನೂ ಎಳೆಯಪ್ಪ’ ಎನ್ನುತ್ತೇವೆ. ಸ್ವಲ್ಪ ಲೆಕ್ಕ ನೋಡೋಣ. ಮೀಟರಿಗೆ ಸುಮಾರು 20 ಗ್ರಾಂ ತೂಗುವ ಕೇಬಲನ್ನು 40 ಮೀಟರ್ ದೂರಕ್ಕೆ ಎಳೆದು, ನಡುವೆ 40 ಸೆಂಟಿಮೀಟರ್ ಜೋಲು ಬಿಟ್ಟರೆ ಮನೆಯ ಕೊಕ್ಕೆಯ ಮೇಲೆ ಬೀಳುವ ಎಳೆತ 10 ಕಿಲೋ. ಅದನ್ನೇ ಬಿಗಿದು ಜೋಲು 10 ಸೆಂಟಿಮೀಟರಿಗೆ ತಂದರೆ ಎಳೆತ 40 ಕಿಲೋ. ಕೇಬಲ್ ಅದೇ, ದೂರವೂ ಅದೇ. ಗಾಳಿ, ಸೋಗೆ, ಮಂಗಗಳ ಜೋಕಾಲಿ ಇವೆಲ್ಲ ಇನ್ನೂ ಲೆಕ್ಕಕ್ಕೆ ಸೇರಿಲ್ಲ. ನೂರಮೂವತ್ತು ಅಡಿಗೆ ಒಂದೂವರೆ ಎರಡು ಅಡಿ ಜೋಲು ಇರಲಿ. ಕೆಳಗೆ ಜೀಪು, ಹುಲ್ಲಿನ ಹೊರೆ ಹಾದುಹೋಗುವಷ್ಟು ಎತ್ತರ ಉಳಿದರೆ ಸಾಕು.

ಇನ್ನು ಕಟ್ಟುವ ಜಾಗ. ರೀಪು, ನೀರಿನ ದೋಣಿ, ತಗಡಿನ ಅಂಚು, ಡಿಶ್ಶಿನ ಕಂಬ, ಇವು ಯಾವುವೂ ಬೇಡ. ತಗಡಿನ ಮಾಡಾದರಂತೂ ಉಕ್ಕಿನ ತಂತಿ ತಗಡಿಗೆ ತಾಗಲೇಬಾರದು. ತಂತಿಗೆ ಬಂದ ಕರೆಂಟು ಇಡೀ ಮಾಡಿಗೆ, ಅಲ್ಲಿಂದ ಬಟ್ಟೆ ಒಣಗಿಸುವ ಸರಿಗೆಗೂ ಬರುತ್ತದೆ. ಕೊಕ್ಕೆ ಇರಬೇಕಾದದ್ದು ಗೋಡೆಯಲ್ಲಿ ಅಥವಾ ಗಟ್ಟಿ ತೊಲೆಯಲ್ಲಿ. ನಮ್ಮ ಕಡೆಯ ಜಂಬಿಟ್ಟಿಗೆ ಗೋಡೆಗೆ ಪ್ಲಾಸ್ಟಿಕ್ ಬಿರಡೆ ಹಾಕಿ ತಿರುಪು ಬಿಗಿದರೆ ಎರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ, ಕಲ್ಲೇ ತೂತುತೂತು. ಗೋಡೆಯ ಆಚೆಗೆ ಹಾಯುವ ಬೋಲ್ಟು ಹಾಕಿ, ಒಳಮೈಗೆ ಅಂಗೈಯಗಲದ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿಯುವುದು ಲೇಸು. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ಮನೆಯ ತಂಟೆಗೇ ಹೋಗಬೇಡಿ. ಅಂಗಳದ ಅಂಚಿನಲ್ಲಿ ಒಂದು ಕಲ್ಲುಕಂಬ ಹುಗಿದು, ದೂರದಿಂದ ಬರುವ ತಂತಿಯ ಭಾರವನ್ನೆಲ್ಲ ಅಲ್ಲಿಗೇ ನಿಲ್ಲಿಸಿ. ಕಂಬದಿಂದ ಮನೆಗೆ ಸಡಿಲವಾದ ತುಂಡು ತಂತಿ ಸಾಕು. ಮರ ಬಿದ್ದರೆ ಪೆಟ್ಟು ಕಂಬಕ್ಕೆ, ಹೆಂಚಿಗಲ್ಲ. ನಾನು ಈಗ ಮಾಡಿಸಿರುವುದು ಇದನ್ನೇ. ಹಾಂ, ಜೀವಂತ ಅಡಿಕೆ ಮರವನ್ನು ಕಂಬ ಮಾಡಿಕೊಳ್ಳಬೇಡಿ. ಅದು ಗಾಳಿಗೆ ತೂಗುತ್ತದೆ, ತಂತಿಯನ್ನು ಜಗ್ಗುತ್ತದೆ. ಕೊನೆ ಕೊಯ್ಯಲು ಹತ್ತುವವನಿಗೂ ಅದು ತೊಡಕು.

ಫೈಬರ್ ಹಾಕುವವರು ಕೇಬಲಿನಿಂದ ಉಕ್ಕಿನ ಎಳೆಯನ್ನು ಸೀಳಿ ಬೇರ್ಪಡಿಸಿ, ಅದನ್ನು ಮಾತ್ರ ಕೊಕ್ಕೆಗೆ ಸುತ್ತಿ, ಹೊರಗೇ ಕತ್ತರಿಸಬೇಕು. ಗಾಜಿನ ಎಳೆಯಿರುವ ಭಾಗ ಯಾವ ಎಳೆತವೂ ಇಲ್ಲದೆ ಒಳಗೆ ಹೋಗಬೇಕು. ಅದನ್ನು ಮಡಚಿ ಮೊಳೆ ಹೊಡೆದರೆ ಬೆಳಕು ಸೋರಿ ನೆಟ್ ನಿಧಾನವಾಗುತ್ತದೆ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ತಂತಿ ತೂತಿಗಿಂತ ಒಂದು ಗೇಣು ಕೆಳಗೆ ಬಾಗಿ ಆಮೇಲೆ ಮೇಲೇರಿ ಒಳಹೋಗಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಇಲ್ಲವಾದರೆ ಸೂರಿನ ನೀರೆಲ್ಲ ತಂತಿಗುಂಟ ಜಗಲಿಗೆ ಬರುತ್ತದೆ.

ಕರೆಂಟಿನ ಸರ್ವೀಸ್ ತಂತಿಗೂ ಇವುಗಳಿಗೂ ಒಂದೇ ಕೊಕ್ಕೆ, ಒಂದೇ ಪೈಪು ಎಂದಿಗೂ ಬೇಡ. ಸಾಧ್ಯವಾದರೆ ಮನೆಯ ಬೇರೆ ಬದಿ. ಒಂದೇ ಬದಿಯಾದರೆ ಗಾಳಿಗೆ ತೂಗಿದರೂ ತಾಗದಂತೆ ಎರಡು ಅಡಿಯಾದರೂ ಅಂತರವಿರಲಿ, ಫೋನಿನದು ಕೆಳಗಿರಲಿ. ಮನೆಯ ಪಕ್ಕ ಹನ್ನೊಂದು ಸಾವಿರ ವೋಲ್ಟಿನ ಲೈನು ಹಾದುಹೋಗಿದ್ದರೆ ಇನ್ನೊಂದು ಲೆಕ್ಕ ನೆನಪಿರಲಿ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಆ ಲೈನು ಕಟ್ಟಡದಿಂದ ನೇರ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರವಿರಬೇಕೆಂದು ಹೇಳಿದೆ. ಆ ಜಾಗದೊಳಗೆ ಕೊಕ್ಕೆ ಹಾಕುವ ಮಾತೇ ಇಲ್ಲ.

ತಂತಿ ಕಟ್ಟಲು ಬಂದವರಿಗೆ ನಾವು ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಉಪಕಾರವೆಂಬಂತೆ ಕೊಡುತ್ತೇವೆ. ಆ ಏಣಿ ಲೈನಿಗೆ ತಾಗಿ ತೋಟದ ಆಳುಗಳು ಸತ್ತ ಸುದ್ದಿ ನಮ್ಮ ಜಿಲ್ಲೆಗಳಿಂದ ಬರುತ್ತಲೇ ಇದೆ. ಬಿದಿರಿನ ಒಣ ಏಣಿ ಇದ್ದರೆ ಅದನ್ನೇ ಕೊಡಿ. ದೋಟಿಯ ತುದಿಯಿಂದ ತಂತಿ ದಾಟಿಸುವುದೂ ಉಂಟು. ಈಗಿನ ಹಗುರ ದೋಟಿ ಕಾರ್ಬನ್ ಫೈಬರಿನದು, ಅದರಲ್ಲಿ ಕರೆಂಟು ಚೆನ್ನಾಗಿಯೇ ಹರಿಯುತ್ತದೆ. ಕೇಬಲಿನ ಫೈಬರ್ ಬೇರೆ, ದೋಟಿಯ ಫೈಬರ್ ಬೇರೆ.

ಸಿಡಿಲಿನ ವಿಷಯಕ್ಕೆ ಬಂದರೆ, ತಾಮ್ರದ ಫೋನ್ ತಂತಿ ಇನ್ನೂ ಇರುವ ಮನೆಗಳಲ್ಲಿ ಸಿಡಿಲು ತಡೆಯುವ ಸಣ್ಣ ಪೆಟ್ಟಿಗೆಯನ್ನು ತಂತಿ ಒಳಬರುವಲ್ಲೇ ಹಾಕಿಸಿ. ಅದರ ಅರ್ಥಿಂಗನ್ನು ಮನೆಯ ಮೀಟರಿನ ಅರ್ಥಿಂಗಿಗೇ ಸೇರಿಸಬೇಕು. ಬೇರೆ ಗುಂಡಿ ತೋಡಿದರೆ ಸಿಡಿಲಿನ ಹೊತ್ತಿನಲ್ಲಿ ಎರಡು ಗುಂಡಿಗಳ ನಡುವಿನ ವ್ಯತ್ಯಾಸವೆಲ್ಲ ಎರಡೂ ಕಡೆಗೆ ಅಂಟಿಕೊಂಡಿರುವ ಮೋಡೆಮ್ಮಿನ ಒಳಗೆ ಹಾಯುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ಗು, ಫೋನಿನ ತಂತಿ ಎರಡನ್ನೂ ಕಳಚಿಡಿ.

ಕೊನೆಯದಾಗಿ, ಬಿದ್ದ ತಂತಿ. ತೋಟದಲ್ಲಿ ಕಪ್ಪು ತಂತಿ ಬಿದ್ದಿದ್ದರೆ ‘ಓ, ನೆಟ್ಟಿನದು’ ಎಂದು ಸುತ್ತಿ ಬದಿಗೆ ಹಾಕುವುದು ನಮ್ಮೆಲ್ಲರ ಅಭ್ಯಾಸ. ಅದರ ಇನ್ನೊಂದು ತುದಿ ಎಲ್ಲಿ, ಯಾವುದರ ಮೇಲೆ ಬಿದ್ದಿದೆ ಎಂದು ನಿಂತ ಜಾಗದಿಂದ ಕಾಣುವುದಿಲ್ಲ. ಮೂವತ್ತು ಅಡಿ ದೂರ ನಿಂತು, ದನ, ನಾಯಿ, ಮಕ್ಕಳನ್ನು ತಡೆದು, 1912ಕ್ಕೋ ನಿಮ್ಮ ಸೆಕ್ಷನ್ನಿನ ಲೈನ್‌ಮನ್ನಿಗೋ ಫೋನ್ ಮಾಡಿ. ಅವರು ಕರೆಂಟು ತೆಗೆದೆವು ಎಂದ ಮೇಲಷ್ಟೇ ಹತ್ತಿರ ಹೋಗಿ. ಮರಗಸಿಗೆ ಬರುವ ಆಳುಗಳಿಗೂ ಇದನ್ನು ಕೆಲಸದ ಮೊದಲ ದಿನವೇ ಹೇಳಿ, ತಂತಿ ಹಾದುಹೋಗುವ ಸಾಲನ್ನು ಜೊತೆಗೆ ನಡೆದು ತೋರಿಸಿಬಿಡಿ.