ಬೆಂಕಿಯ ಮುಂದೆ ಅಣ್ಣತಮ್ಮಂದಿರು

ಕದವಿಕ್ಕಿದ ಕೋಣೆಯಲ್ಲಿ ಹೊತ್ತಿದ ಬೆಂಕಿಯು ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದು ತೀರಿಸಿ, ಜ್ವಾಲೆಯಡಗಿ, ಕಾದ ಅನಿಲಗಳನ್ನಷ್ಟೇ ಗರ್ಭದಲ್ಲಿಟ್ಟುಕೊಂಡಿರುವಾಗ ಯಾರಾದರೂ ಅರಿಯದೆ ಬಾಗಿಲು ತೆರೆದರೆ, ಹೊರಗಿನ ಗಾಳಿ ನೆಲದ ಮಗ್ಗುಲಿನಿಂದ ನುಗ್ಗಿ ಆ ಅನಿಲದೊಡನೆ ಬೆರೆಯುತ್ತದೆ. ಒಡನೆಯೇ ಕೋಣೆಗೆ ಕೋಣೆಯೇ ಸಿಡಿದು ಎದುರಿದ್ದವನನ್ನು ನುಂಗುತ್ತದೆ. ಅಗ್ನಿಶಾಮಕ ದಳದವರು ‘ಬ್ಯಾಕ್‌ಡ್ರಾಫ್ಟ್’ ಎಂದು ಕರೆಯುವ ಈ ಅನಾಹುತವನ್ನೇ ಹೆಸರಾಗಿ ಧರಿಸಿ 1991ರಲ್ಲಿ ತೆರೆಗೆ ಬಂದ ರಾನ್ ಹೊವಾರ್ಡರ ಚಿತ್ರದ ಕಥೆ ಷಿಕಾಗೋ ನಗರದ್ದು. ಅದನ್ನು ಬರೆದ ಗ್ರೆಗರಿ ವೈಡನ್ ಹಿಂದೆ ಸ್ವತಃ ಬೆಂಕಿಯಾರಿಸುವ ವೃತ್ತಿಯಲ್ಲಿದ್ದವರೆಂಬುದು, ಬಾಗಿಲ ಸಂದಿನಿಂದ ಹೊರಬಂದ ಹೊಗೆ ಮರುಗಳಿಗೆಯೇ ಉಸಿರೆಳೆದಂತೆ ಒಳಕ್ಕೆ ಸೇದಿಹೋಗುವ ದೃಶ್ಯದಲ್ಲಿಯೇ ವಿದಿತವಾಗುತ್ತದೆ.

ಕರ್ತವ್ಯದಲ್ಲಿ ಮಡಿದ ತಂದೆಯ ಇಬ್ಬರು ಮಕ್ಕಳು, ಸ್ಟೀಫನ್ ಮತ್ತು ಬ್ರಯನ್, ಒಂದೇ ಠಾಣೆಯಲ್ಲಿ ಕೂಡುವುದೇ ವೈರಕ್ಕೆ ಬೀಜ. ಅಣ್ಣ ಮುಖವಾಡವನ್ನೂ ತೊಡದೆ ಉರಿಗೆ ನುಗ್ಗುವ ಸಾಹಸಿ. ತಮ್ಮನಾದರೋ ಕೈಹಿಡಿದ ಉದ್ಯೋಗಗಳನ್ನೆಲ್ಲ ಬಿಟ್ಟುಬಂದವನು. ಮೊದಲ ಬೆಂಕಿಯಲ್ಲೇ ಜೀವವೊಂದನ್ನು ಉಳಿಸಿದೆನೆಂದು ತಮ್ಮನು ಹೊತ್ತು ತರುವುದು ಉಡುಪಿನ ಕಾರ್ಖಾನೆಯ ಗೊಂಬೆಯನ್ನು. ಆ ಅವಮಾನವೊಂದರಲ್ಲಿಯೇ ಇಬ್ಬರ ಅಂತರವೆಲ್ಲವೂ ಅಡಗಿದೆ.

ಇಷ್ಟು ಬಲವಾದ ಬೀಜವಿದ್ದೂ ವೈರವು ಸಂಪೂರ್ಣವಾಗಿ ಮೊಳೆಯದಿರುವುದಕ್ಕೆ ನಟನೆಯ ಅಸಮತೆಯೇ ಕಾರಣವೆಂದು ನನ್ನ ಭಾವನೆ. ಕರ್ಟ್ ರಸಲ್ ತಂದೆಯಾಗಿಯೂ ಹಿರಿಯ ಮಗನಾಗಿಯೂ ಅಭಿನಯಿಸಿ, ಸತ್ತವನ ಛಾಯೆಯನ್ನು ಬದುಕಿದವನ ಮುಖದ ಮೇಲೆ ನಿಲ್ಲಿಸುತ್ತಾರೆ. ಒರಟುತನದ ಅಡಿಯಲ್ಲಿರುವ ಭೀತಿ ಅವರ ಕಣ್ಣಿನಲ್ಲಿ ಕಾಣುತ್ತದೆ. ಕಥೆಯ ಭಾರವನ್ನೆಲ್ಲ ಹೊರಬೇಕಾದ ವಿಲಿಯಂ ಬಾಲ್ಡ್‌ವಿನ್ನರಾದರೋ ಕೋಪ, ನಾಚಿಕೆ, ಅಸೂಯೆ ಮೂರಕ್ಕೂ ಒಂದೇ ಮುಖವನ್ನು ತೋರುತ್ತಾರೆ. ಸುಂದರ ಮುಖವೆಂಬುದು ನಿಜ. ಆದರೆ ಅಣ್ಣನ ನೆರಳಿನಲ್ಲಿ ಬೆಳೆದವನ ನೋವು ಅಲ್ಲಿ ಬರೆದಿಲ್ಲ. ಜೆನಿಫರ್ ಜೇಸನ್ ಲೀ, ರೆಬೆಕಾ ಡಿ ಮಾರ್ನೇ ಇಬ್ಬರಿಗೂ ದೊರೆತ ಪಾತ್ರಗಳು ಬಡವಾದುವು. ಅದು ಅವರ ದೋಷವಲ್ಲ.

ಆಶ್ಚರ್ಯವೆಂದರೆ, ಸ್ವಲ್ಪವೇ ಹೊತ್ತು ತೆರೆಯ ಮೇಲಿರುವ ಡೊನಾಲ್ಡ್ ಸದರ್ಲೆಂಡ್ ಇವರೆಲ್ಲರನ್ನೂ ಮೀರಿಸುವುದು. ಬೆಂಕಿಯಿಡುವುದರಲ್ಲೇ ಸುಖ ಕಂಡ ಕೈದಿ ಅವರು. ಬಿಡುಗಡೆಯ ವಿಚಾರಣೆಯಲ್ಲಿ ಸಾಧುವಿನಂತೆ ಕುಳಿತಿರುವಾಗ, ರಾಬರ್ಟ್ ಡಿ ನೀರೋ ನಟಿಸಿದ ತನಿಖಾಧಿಕಾರಿ ರಿಮ್‌ಗೇಲನು ನಾಲ್ಕಾರು ಪ್ರಶ್ನೆಗಳನ್ನು ಮೆಲ್ಲಗೆ ಕೇಳುತ್ತಾನೆ, ಸಾಧುವೇಷ ತಾನಾಗಿಯೇ ಕಳಚಿಬೀಳುತ್ತದೆ. ಅಬ್ಬರವಿಲ್ಲ, ಸಂಗೀತದ ಊರುಗೋಲೂ ಬೇಕಿಲ್ಲ. ಇಬ್ಬರು ನಟರು ಒಬ್ಬರ ಮಾತನ್ನೊಬ್ಬರು ಕಿವಿಗೊಟ್ಟು ಕೇಳುತ್ತಾರೆ, ಅಷ್ಟೆ. ಸೋದರರ ಜಗಳಗಳಲ್ಲಿ ಇಲ್ಲದಿರುವುದು ಈ ಕೇಳುವಿಕೆಯೇ. ಅಲ್ಲಿ ಇಬ್ಬರೂ ಕೂಗುತ್ತಾರೆ, ಒಬ್ಬರೂ ಕೇಳುವುದಿಲ್ಲ.

ಅಂತ್ಯದಲ್ಲಿ ಮಾತ್ರ ಈ ಕೊರತೆ ನೀಗುತ್ತದೆ. ರಿಮ್‌ಗೇಲನು ತನಿಖೆ ಮಾಡುತ್ತಿದ್ದ, ಬೆಂಕಿಯಿಂದ ನಡೆಸಿದ ಕೊಲೆಗಳನ್ನು ಮಾಡಿದವನು ತಮ್ಮ ಠಾಣೆಯವನೇ, ಸ್ಕಾಟ್ ಗ್ಲೆನ್ ನಟಿಸಿದ ಆಡ್‌ಕಾಕ್ಸನೇ, ಎಂದು ತಿಳಿದ ಮೇಲೂ, ಉರಿಯ ಮೇಲೆ ತೂಗಾಡುತ್ತಿರುವ ಅವನ ಕೈಯನ್ನು ಸ್ಟೀಫನ್ ಬಿಡನು. ಆ ಬಿಗಿಮುಷ್ಟಿಯನ್ನು ನೋಡಿದ ಬಳಿಕವೇ ತಮ್ಮನಿಗೆ ಅಣ್ಣನು ಎಂಥವನೆಂದು ತಿಳಿಯುವುದು, ಮತ್ತು ಬಾಲ್ಡ್‌ವಿನ್ನರು ನಟಿಸತೊಡಗುವುದು.