ಊರಿನ ತೇಗ ಮಾರುವ ಮುನ್ನ: ದರಕ್ಕಿಂತ ಮೊದಲು ಅಳತೆ ಕೇಳಿ

ಹೊರದೇಶದಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಮ್ಯೂಚುವಲ್ ಫಂಡ್, ಎಫ್‌ಡಿ, ಬೆಂಗಳೂರಿನ ಫ್ಲ್ಯಾಟ್ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿರುತ್ತೇವೆ. ಆ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣಿಸದ ಆಸ್ತಿ ಒಂದಿದೆ: ಮಲೆನಾಡು, ಕೊಡಗು, ಕರಾವಳಿಯ ಮನೆ ಜಮೀನಿನಲ್ಲಿ ನಿಂತಿರುವ ಮರ. ಬೇಲಿಯುದ್ದಕ್ಕೂ ಅಪ್ಪ ನೆಟ್ಟ ತೇಗ, ತೋಟದ ನೆರಳಿಗೆಂದು ಉಳಿಸಿಕೊಂಡ ಮತ್ತಿ, ಹೊನ್ನೆ, ಹಲಸು.

ಒಂದು ದಿನ ಊರಿನಿಂದ ಫೋನ್ ಬರುತ್ತದೆ. "ವ್ಯಾಪಾರಿ ಬಂದಿದ್ದಾನೆ, ಇಪ್ಪತ್ತು ತೇಗಕ್ಕೆ ಒಟ್ಟಿಗೆ ಇಷ್ಟು ಕೊಡ್ತಾನಂತೆ, ಏನ್ ಮಾಡೋಣ?" ಫಂಡಿನ ಎನ್‌ಎವಿಯನ್ನು ಎರಡು ದಶಮಾಂಶದವರೆಗೆ ನೋಡುವ ನಾವು ಇಲ್ಲಿ ಎರಡು ನಿಮಿಷದಲ್ಲಿ "ನಿಮಗೆ ಸರಿ ಅನ್ನಿಸಿದ್ರೆ ಕೊಟ್ಬಿಡಿ" ಎಂದುಬಿಡುತ್ತೇವೆ. ಮೂವತ್ತು ವರ್ಷ ಬೆಳೆದ ಆಸ್ತಿ ಅಳತೆಯೇ ಇಲ್ಲದೆ ಕೈಬಿಟ್ಟು ಹೋಗುವುದು ಹೀಗೆ. ಚೌಕಾಸಿ ಮಾಡಿ ದರ ಏರಿಸುವುದು ಎರಡನೆಯ ಕೆಲಸ. ಮೊದಲನೆಯದು, ಎಷ್ಟು ಮರ ಇದೆ ಮತ್ತು ಅದನ್ನು ಹೇಗೆ ಅಳೆಯುತ್ತಾರೆ ಎಂದು ತಿಳಿಯುವುದು.

ಒಂದು ಸಿಎಫ್‌ಟಿ ಎಂದರೆ ಎಷ್ಟು?

ನಮ್ಮಲ್ಲಿ ದಿಮ್ಮಿಯ ವ್ಯಾಪಾರ ನಡೆಯುವುದು ಹೆಚ್ಚಾಗಿ ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ. ಬಳಕೆಯಲ್ಲಿರುವುದು ಕಾಲು ಸುತ್ತಳತೆಯ ಸೂತ್ರ. ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಬೇಕು.

ಹತ್ತು ಅಡಿ ಉದ್ದದ, ನಡುವಿನಲ್ಲಿ 48 ಇಂಚು ಸುತ್ತಳತೆಯ ದಿಮ್ಮಿ ತೆಗೆದುಕೊಳ್ಳಿ. 48ರಲ್ಲಿ ಕಾಲು ಭಾಗ 12. ಹನ್ನೆರಡು ಹನ್ನೆರಡಲಿ 144, ಉದ್ದ 10. ಒಟ್ಟು 10 ಸಿಎಫ್‌ಟಿ. ಶಾಲೆಯಲ್ಲಿ ಕಲಿತ ಸಿಲಿಂಡರ್ ಸೂತ್ರ ಹಾಕಿದರೆ ಅದೇ ದಿಮ್ಮಿಯಲ್ಲಿ 12.73 ಘನ ಅಡಿ ಮರ ಇದೆ. ಕಾಲು ಸುತ್ತಳತೆಯ ಸೂತ್ರ ಶೇಕಡಾ 21ಕ್ಕಿಂತ ಹೆಚ್ಚು ಕಡಿಮೆ ತೋರಿಸುತ್ತದೆ. ಗುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಭಾಗವನ್ನು ಅದು ಮೊದಲೇ ಕಳೆದುಬಿಟ್ಟಿರುತ್ತದೆ. ಇದು ವ್ಯಾಪಾರದ ರೂಢಿ, ಮೋಸ ಅಲ್ಲ. ಆದರೆ ಈ ಸೂತ್ರದಲ್ಲಿ ಅಳೆದ ಮೇಲೂ "ವೇಸ್ಟೇಜ್" ಎಂದು ಮತ್ತೆ ಶೇಕಡಾವಾರು ಕಳೆದರೆ, ಒಂದೇ ನಷ್ಟವನ್ನು ಎರಡು ಸಲ ನೀವೇ ಭರಿಸಿದಂತೆ.

ಇನ್ನು ಟೇಪು ಎಲ್ಲಿ ಸುತ್ತುತ್ತಾರೆ ಎಂಬುದು. ಅದೇ ದಿಮ್ಮಿ ಬುಡದಲ್ಲಿ 56 ಇಂಚು, ತುದಿಯಲ್ಲಿ 40 ಇಂಚು ಇದೆ ಎನ್ನಿ. ನಡುವಿನಲ್ಲಿ ಅಳೆದರೆ 10 ಸಿಎಫ್‌ಟಿ, ತುದಿಯಲ್ಲಿ ಅಳೆದರೆ 6.94. ಮರ ಒಂದೇ, ಲೆಕ್ಕದಲ್ಲಿ ಶೇಕಡಾ 30 ಮಾಯ.

ದರ ಹೆಚ್ಚು, ಹಣ ಕಡಿಮೆ

ಇಬ್ಬರು ವ್ಯಾಪಾರಿಗಳು ಬಂದರು ಎಂದಿಟ್ಟುಕೊಳ್ಳಿ. ಇಲ್ಲಿನ ದರಗಳು ಲೆಕ್ಕಕ್ಕಾಗಿ ಹಿಡಿದದ್ದು ಮಾತ್ರ. ಒಬ್ಬ ಸಿಎಫ್‌ಟಿಗೆ 2,500 ರೂಪಾಯಿ ಕೊಡುತ್ತಾನೆ, ತುದಿಯಲ್ಲಿ ಅಳೆಯುತ್ತಾನೆ. ಇನ್ನೊಬ್ಬ 2,000 ರೂಪಾಯಿ ಎನ್ನುತ್ತಾನೆ, ನಡುವಿನಲ್ಲಿ ಅಳೆಯುತ್ತಾನೆ. ಮೇಲಿನಂಥ 20 ದಿಮ್ಮಿಗಳಿಗೆ ಮೊದಲನೆಯವನಿಂದ ಸುಮಾರು 3.47 ಲಕ್ಷ, ಎರಡನೆಯವನಿಂದ 4 ಲಕ್ಷ. ಕಡಿಮೆ ದರ ಹೇಳಿದವನೇ 53 ಸಾವಿರ ಹೆಚ್ಚು ಕೊಡುತ್ತಾನೆ.

ಹಾಗಾಗಿ ಫೋನಿನಲ್ಲಿ "ರೇಟ್ ಎಷ್ಟು?" ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಸೂತ್ರ ಯಾವುದು? ಸುತ್ತಳತೆ ನಡುವಿನಲ್ಲೋ ತುದಿಯಲ್ಲೋ? ತೊಗಟೆ ಸೇರಿಸಿಯೋ ಬಿಟ್ಟೋ? ಇಂಚಿನ ಚಿಲ್ಲರೆಯನ್ನು ಏನು ಮಾಡುತ್ತಾರೆ? ಪ್ರತಿ ದಿಮ್ಮಿಯ 47 ಮುಕ್ಕಾಲು 47 ಆಗುತ್ತಾ ಹೋದರೆ, ಲಾರಿ ತುಂಬುವ ಹೊತ್ತಿಗೆ ಅದೂ ಸಣ್ಣ ಮೊತ್ತವಾಗಿರುವುದಿಲ್ಲ.

ಅಮೆರಿಕದಲ್ಲಿ ಕಾಡುಜಮೀನು ಇರುವವರಿಗೂ ಇದೇ ತಲೆನೋವು. 12 ಇಂಚು ವ್ಯಾಸದ 16 ಅಡಿ ದಿಮ್ಮಿ ಡಾಯ್ಲ್ ಅಳತೆಯಲ್ಲಿ 64 ಬೋರ್ಡ್ ಫೀಟ್, ಇಂಟರ್‌ನ್ಯಾಷನಲ್ ಅಳತೆಯಲ್ಲಿ 95. ಅಲ್ಲಿ ತಿಳಿದ ಮಾಲೀಕರು ಮಾರುವ ಮುನ್ನ ಸ್ವತಂತ್ರ ಫಾರೆಸ್ಟರ್‌ನಿಂದ ಅಂದಾಜು ಮಾಡಿಸಿ, ಹಲವರಿಂದ ಮುಚ್ಚಿದ ಲಕೋಟೆಯಲ್ಲಿ ಬೆಲೆ ಕರೆಯುತ್ತಾರೆ. ಆ ಶಿಸ್ತನ್ನು ನಮ್ಮೂರಿನಲ್ಲೂ ಪಾಲಿಸಬಹುದು.

ನಿಂತ ಮರಕ್ಕೆ ಅವಸರವಿಲ್ಲ

ಅಡಿಕೆ, ಕಾಫಿ ಕೊಯ್ಲಿನ ಹಾಗೆ ಈ ಬೆಳೆಗೆ ಗಡುವು ಇಲ್ಲ. ಆರೋಗ್ಯವಾಗಿ ನಿಂತ ಮರ ಈ ವರ್ಷ ಮಾರದಿದ್ದರೆ ಮುಂದಿನ ವರ್ಷಕ್ಕೆ ಇನ್ನಷ್ಟು ದಪ್ಪವಾಗುತ್ತದೆ. ಸುತ್ತಳತೆ 48ರಿಂದ 54 ಇಂಚಿಗೆ, ಅಂದರೆ ಶೇಕಡಾ 12.5 ಏರಿದರೆ, ಅದೇ ಉದ್ದಕ್ಕೆ ಮರದ ಪ್ರಮಾಣ ಶೇಕಡಾ 26ಕ್ಕೂ ಹೆಚ್ಚು ಏರುತ್ತದೆ. ಇದಕ್ಕೆ ನಾಲ್ಕು ವರ್ಷ ಹಿಡಿದರೆ ವರ್ಷಕ್ಕೆ ಸುಮಾರು ಶೇಕಡಾ 6ರ ಬೆಳವಣಿಗೆ. ದಪ್ಪ ದಿಮ್ಮಿಗೆ ಸಿಎಫ್‌ಟಿ ದರವೂ ಹೆಚ್ಚು ಸಿಗುವುದರಿಂದ ಆ ಲಾಭ ಬೇರೆ. ವಯಸ್ಸಾಗಿ ಪೊಟರೆ ಬಿದ್ದ ಅಥವಾ ಮನೆ ಮೇಲೆ ವಾಲಿದ ಮರದ ಮಾತು ಬೇರೆ. ಅದನ್ನು ಕಾಯಿಸಿ ಪ್ರಯೋಜನವಿಲ್ಲ.

ಕಡಿದ ಮರುಕ್ಷಣ ಈ ಬಲವೆಲ್ಲ ಹೋಗುತ್ತದೆ. ಮಳೆಗೆ ನೆನೆಯುವ, ಬಿಸಿಲಿಗೆ ಸೀಳುವ ದಿಮ್ಮಿ ಅಂಗಳದಲ್ಲಿ ಬಿದ್ದಿದ್ದರೆ ಬೆಲೆ ಹೇಳುವವನು ವ್ಯಾಪಾರಿ. ದರ, ಅಳತೆ, ಪಾವತಿ ಮೂರೂ ಬರವಣಿಗೆಯಲ್ಲಿ ಬರುವವರೆಗೆ ಗರಗಸ ಹಚ್ಚಬೇಡಿ ಎಂದು ಮನೆಯವರಿಗೆ ಹೇಳಿ.

ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಬೆಳಗ್ಗೆ ಇದಕ್ಕೆ ಕೊಡಿ. ಪ್ರತಿ ಮರಕ್ಕೆ ಬಣ್ಣದಲ್ಲಿ ನಂಬರ್ ಹಾಕಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ಅಳೆದು, ಜಾತಿ, ನೇರ ಕಾಂಡದ ಅಂದಾಜು ಉದ್ದ ಬರೆದು, ಫೋಟೋ ತೆಗೆಯಿರಿ. ಎಕ್ಸೆಲ್ ಹಾಳೆಗೆ ಆ ಆಸ್ತಿ ಸೇರಿತು ಎಂದೇ ಲೆಕ್ಕ.

ಮರ ನಿಮ್ಮದೇ? ಕಾಗದ ನೋಡಿ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ತೇಗಕ್ಕೆ ಇಲ್ಲ. ಕಡಿದ ದಿಮ್ಮಿ ರಸ್ತೆಗಿಳಿಯಲು ಅರಣ್ಯ ಇಲಾಖೆಯ ಸಾಗಾಣಿಕೆ ರಹದಾರಿ ಬೇಕು. ಬೀಟೆ, ಶ್ರೀಗಂಧಕ್ಕೆ ಪ್ರತ್ಯೇಕ ನಿಯಮಗಳಿವೆ. ಕೊಡಗಿನಲ್ಲಿ ಜಮೀನು ರಿಡೀಮ್ಡ್ ಹೌದೋ ಅಲ್ಲವೋ ಎಂಬುದರ ಮೇಲೆ ಮರದ ಹಕ್ಕು ನಿಂತಿದೆ. ಇವುಗಳನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಜಂಟಿ ಖಾತೆಯಾದರೆ ಅಣ್ಣ, ತಂಗಿ, ಚಿಕ್ಕಪ್ಪ ಎಲ್ಲರ ಒಪ್ಪಿಗೆಯೂ ಬೇಕು. ನೀವು ಹೊರದೇಶದಿಂದ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಅದು ಈ ಮರಗಳ ಮಾರಾಟಕ್ಕೆ ಮಾತ್ರ ಸೀಮಿತವಾಗಿರಲಿ, ಜಮೀನು ಮಾರುವ ಅಧಿಕಾರ ಅದರಲ್ಲಿ ಬೇಡ. ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ನ್ಯಾಯವಾದ ದರ ತಿಳಿಯುವುದು ಹೇಗೆ?

ಅರಣ್ಯ ಇಲಾಖೆ ತನ್ನ ನಾಟಾ ಡಿಪೊಗಳಲ್ಲಿ ಮರವನ್ನು ಹರಾಜು ಹಾಕುತ್ತದೆ. ಹತ್ತಿರದ ಡಿಪೊದಲ್ಲಿ ನಿಮ್ಮ ಜಾತಿಯ, ನಿಮ್ಮ ದಪ್ಪದ ದಿಮ್ಮಿ ಎಷ್ಟಕ್ಕೆ ಹೋಯಿತೆಂದು ತಿಳಿಯಿರಿ. ದರ ಕ್ಯೂಬಿಕ್ ಮೀಟರಿನಲ್ಲಿದ್ದರೆ 35.3ರಿಂದ ಭಾಗಿಸಿದಾಗ ಘನ ಅಡಿಯ ದರ ಸಿಗುತ್ತದೆ; ಅಲ್ಲಿನ ಅಳತೆಯ ಸೂತ್ರವನ್ನೂ ಕೇಳಿಕೊಳ್ಳಿ. ಅದು ಡಿಪೊದಲ್ಲಿ ಸಿಕ್ಕ ಬೆಲೆ. ಕಡಿಯುವ ಕೂಲಿ, ಎಳೆದು ತರುವ ಖರ್ಚು, ಲಾರಿ ಬಾಡಿಗೆ, ವ್ಯಾಪಾರಿಯ ಲಾಭ ಕಳೆದರೆ ನಿಮ್ಮ ತೋಟದಲ್ಲಿ ನಿಂತ ಮರದ ಬೆಲೆಯ ಹತ್ತಿರಕ್ಕೆ ಬರುತ್ತೀರಿ. ನಂತರ ಕನಿಷ್ಠ ಮೂವರಿಗೆ ಒಂದೇ ಪಟ್ಟಿ, ಒಂದೇ ಷರತ್ತು ಕಳಿಸಿ ಬೆಲೆ ಕರೆಯಿರಿ.

ಒಪ್ಪಂದದಲ್ಲಿ ಇಷ್ಟು ಇರಲಿ: ಯಾವ ನಂಬರಿನ ಮರಗಳು, ಅಳತೆಯ ವಿಧಾನ, ಕೊಂಬೆ ಮತ್ತು ಸೌದೆ ಯಾರಿಗೆ, ಕಾಫಿ ಗಿಡವೋ ಅಡಿಕೆಯೋ ಮುರಿದರೆ ಪರಿಹಾರ ಎಷ್ಟು, ಮುಂಗಡ ಎಷ್ಟು. ದಿಮ್ಮಿ ಅಳೆಯುವಾಗ ಮನೆಯವರೊಬ್ಬರು ಇನ್ನೊಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಪೂರ್ತಿ ಹಣ ಬ್ಯಾಂಕಿಗೆ ಬಂದ ಮೇಲೆಯೇ ಲಾರಿ ಗೇಟು ದಾಟಲಿ.

ಹಣ ಬಂದ ಮೇಲೆ

ಜಮೀನು ಅಪ್ಪ ಅಮ್ಮನ ಹೆಸರಿನಲ್ಲಿದ್ದರೆ ಆದಾಯ ಅವರದು, ಅವರ ಖಾತೆಗೇ ಹೋಗಲಿ. ನಿಮ್ಮ ಹೆಸರಿನಲ್ಲಿದ್ದರೆ ಎನ್‌ಆರ್‌ಒ ಖಾತೆಗೆ ಹಾಕಿಸಿ. ಅಲ್ಲಿಂದ ಅಗತ್ಯ ದಾಖಲೆ ಕೊಟ್ಟು ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು.

"ಮರದ ದುಡ್ಡಿಗೆ ಟ್ಯಾಕ್ಸ್ ಇಲ್ಲ" ಎಂಬ ಮಾತನ್ನು ಹಾಗೇ ನಂಬಬೇಡಿ. ಕೃಷಿ ಆದಾಯ ಎನಿಸಬೇಕಾದರೆ ನೆಲದಲ್ಲಿ ಉಳುಮೆ, ಬಿತ್ತನೆ, ನಾಟಿಯಂಥ ಮೂಲ ಕೆಲಸ ನಡೆದಿರಬೇಕು ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ನೆಟ್ಟು ಬೆಳೆಸಿದ ತೇಗಕ್ಕೂ ತಾನಾಗಿ ಹುಟ್ಟಿದ ಮತ್ತಿಗೂ ತೆರಿಗೆಯ ಲೆಕ್ಕ ಬೇರೆಯಾಗಬಹುದು. ಆದಾಯ ತೆರಿಗೆಗೆ ಒಳಪಟ್ಟರೆ, ಮಾರುವವರು ಅನಿವಾಸಿಯಾದ್ದರಿಂದ ಖರೀದಿದಾರ ಟಿಡಿಎಸ್ ಹಿಡಿಯಬೇಕಾಗುತ್ತದೆ. ಸಿಎ ಹತ್ತಿರ ಮಾರಾಟಕ್ಕೆ ಮೊದಲೇ ಕೇಳಿ, ಸಸಿ ತಂದ ರಸೀದಿ ಇದ್ದರೆ ಜೋಪಾನ ಮಾಡಿ.

ಅಮೆರಿಕದ ತೆರಿಗೆ ನಿವಾಸಿಗಳು ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ತೋರಿಸಬೇಕು. ಭಾರತದ ಕೃಷಿ ಆದಾಯದ ವಿನಾಯಿತಿ ಅಲ್ಲಿ ನಡೆಯುವುದಿಲ್ಲ. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಸಲ್ಲಿಸಬೇಕು. ನಾಲ್ಕೈದು ದಿಮ್ಮಿಯ ಹಣ ಎನ್‌ಆರ್‌ಒ ಖಾತೆಗೆ ಬಿದ್ದರೂ ಆ ಗಡಿ ದಾಟಿಸಿಬಿಡಬಹುದು.

ಇದರಲ್ಲಿ ಯಾವುದೂ ಕಷ್ಟದ ಗಣಿತ ಅಲ್ಲ. ದರ್ಜಿಯ ಟೇಪು, ಒಂದು ನೋಟ್‌ಬುಕ್, ಮೂರು ಫೋನ್ ಕರೆ ಸಾಕು. ವ್ಯಾಪಾರಿ ದಿನವೂ ಅಳೆಯುವವನು. ನಾವು ತಲೆಮಾರಿಗೊಮ್ಮೆ ಮಾರುವವರು. ಆ ವ್ಯತ್ಯಾಸ ತುಂಬಲು ಒಂದು ಬೆಳಗಿನ ಕೆಲಸ ದೊಡ್ಡದೇನಲ್ಲ.